ಕಂಬಿ

ಈ ನೀರನ್ನು ಯಾರೂ ಕಾಯಿಸುವುದಿಲ್ಲ.
ನೆಲದೊಳಗಿಂದ ಬರುವಾಗಲೇ ಮೈಯಷ್ಟು ಬೆಚ್ಚಗೆ.
ಅದಕ್ಕೇ ಇಳಿದವರಿಗೆ ಮೊದಲು ಗಾಬರಿ:
ಚರ್ಮ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು
ಗೊತ್ತಾಗುವುದಿಲ್ಲ.

ಟ್ಸ್ಕಾಲ್ಟುಬೋದ ಈ ಹಳೆಯ ಸ್ನಾನಗೃಹದಲ್ಲಿ
ತಲೆ ಹಿಡಿಯುವುದು ನನ್ನ ಕೆಲಸ.
ಹಿಂದಲೆಯ ಕೆಳಗೆ ಎರಡು ಅಂಗೈ, ಅಷ್ಟೇ.
ಉಳಿದದ್ದು ನೀರಿಗೆ ಬಿಟ್ಟದ್ದು.

ಸೋವಿಯತ್ ಕಾಲದಲ್ಲಿ ಗಣಿಯವರು ಬರುತ್ತಿದ್ದರು,
ಮಂಡಿ ನೋವು, ಸೊಂಟ ನೋವು, ಕೈಯಲ್ಲಿ ಸರ್ಕಾರಿ ಚೀಟಿ.
ತೊಂಬತ್ತಮೂರರಲ್ಲಿ ಸುಖುಮಿಯಿಂದ ಓಡಿ ಬಂದವರು
ರೋಗಿಗಳ ಕೋಣೆಗಳಲ್ಲೇ ಒಲೆ ಹೂಡಿದರು,
ಅಮೃತಶಿಲೆಯ ಕಂಬದಿಂದ ಕಂಬಕ್ಕೆ ಬಟ್ಟೆ ಒಣಹಾಕಿದರು,
ನಾಚ್‌ಗಾನದ ಹಾಲಿನಲ್ಲಿ ಕೋಳಿ ಸಾಕಿದರು.

ಜುಜುನಾ ಅಲ್ಲಿಯವಳು, ಮೂರನೇ ಮಹಡಿ.
ಮೂವತ್ತು ವರ್ಷ ನಮ್ಮ ಬಾಗಿಲ ಮುಂದೆ ಓಡಾಡಿ
ಒಮ್ಮೆಯೂ ಒಳಗೆ ಬಾರದವಳು.
ಡಾಕ್ಟರು ಬರೆದುಕೊಟ್ಟದ್ದು ಅಂಗಾಲಿಗೆ:
ಸೂಜಿ ಚುಚ್ಚಿದರೂ ತಿಳಿಯುವುದಿಲ್ಲವಂತೆ,
ನರದಲ್ಲಿ ಏನೂ ದೋಷವಿಲ್ಲವಂತೆ.

ಮೆಟ್ಟಿಲಿಳಿದವಳೇ ಕಂಬಿ ಹಿಡಿದಳು.
ಇಪ್ಪತ್ತು ನಿಮಿಷದ ಗಂಟೆ ಬಾರಿಸುವ ತನಕ
ಹಿಡಿದೇ ಇದ್ದಳು.
ಎರಡನೆಯ ದಿನವೂ. ಒಂಬತ್ತನೆಯ ದಿನವೂ.
ಬಿಡು ಎಂದು ನಾನು ಹೇಳಲಿಲ್ಲ,
ಯಾಕೆ ಹೇಳಲಿಲ್ಲವೋ ಆಗ ನನಗೂ ತಿಳಿಯದು.
ನಾನೂ ಪಕ್ಕದಲ್ಲಿ ಅದೇ ಕಂಬಿ ಹಿಡಿದು ನಿಂತೆ,
ಸೀಟು ಸಿಗದೆ ಬಸ್ಸಿನಲ್ಲಿ ನಿಂತ ಇಬ್ಬರು ಹೆಂಗಸರ ಹಾಗೆ.
ಮೆಣಸಿನಕಾಯಿಯ ಬೆಲೆ ಮಾತಾಡಿದೆವು,
ಅಡ್ಜಿಕಾಕ್ಕೆ ಎಷ್ಟು ಬೆಳ್ಳುಳ್ಳಿ ಎಂದು ಜಗಳಾಡಿದೆವು.

ಒಂದು ದಿನ ಅಂದೆ: ಬಿಗಿಯಾಗಿ ಹಿಡಿ. ಇನ್ನೂ ಬಿಗಿ.
ಭುಜ ಎಲ್ಲಿಗೆ ಏರಿತು ನೋಡು. ಹಲ್ಲು ಏನು ಕಚ್ಚಿದೆ ನೋಡು.
ಈಗ ಕಿರುಬೆರಳೊಂದನ್ನೇ ಕೇಳು,
ಅದಕ್ಕೇನಾದರೂ ಸುಸ್ತಾಗಿದೆಯೇ ಎಂದು.

ಕಿರುಬೆರಳು ಎದ್ದಿತು.
ಮತ್ತೆ ಕೂತಿತು.

ಆಮೇಲೆ ಹೇಳಿದ್ದು ಅವಳಲ್ಲ, ಆ ಕೈ ಎನ್ನಬೇಕು:
ಸ್ವಾನೇತಿಯ ಬೆಟ್ಟದ ದಾರಿ, ಮೊಣಕಾಲುದ್ದ ಹಿಮ,
ಬೂಟಿಲ್ಲ, ಕಿಟಕಿಯ ಪರದೆ ಹರಿದು ಸುತ್ತಿದ ಪಾದ.
ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಕುದುರೆ,
ಕುದುರೆಯ ಮೇಲೆ ಅತ್ತೆ.
ಕುದುರೆ ಜಾರಿತು.
ಬಿಡು, ಎಂದರು ಹಿಂದಿನವರು. ಬಿಡು, ನೀನೂ ಹೋಗುತ್ತೀ.
ಬಿಟ್ಟಳು.
"ಅತ್ತೆ ಕೂಗಲೇ ಇಲ್ಲ" ಎಂದಳು. "ಕೂಗಿದ್ದರೆ..."

ಮಾತು ಅಲ್ಲಿಗೇ ನಿಂತು ತೊಡೆಯಲ್ಲಿ ನಡುಕ ಹುಟ್ಟಿತು.
ಅಂದು ನಡುಗಲು ಹೊತ್ತಿರಲಿಲ್ಲ, ನಡೆಯಬೇಕಿತ್ತು.
ಇಂದು ನಡುಗಿತು, ಬೆಚ್ಚಗಿನ ನೀರಿನಲ್ಲಿ,
ಮೂವತ್ತು ವರ್ಷ ತಡವಾಗಿ.
ನಾನು ತಡೆಯಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ.
ಅವಳಿಂದ ಎದ್ದ ಸಣ್ಣ ಸಣ್ಣ ಅಲೆ
ಎದುರು ಗೋಡೆಗೆ ತಾಗಿ ತಾಗಿ ಮರಳುವುದನ್ನು
ಇಬ್ಬರೂ ನೋಡಿದೆವು.
ಮೈಮರೆತೇ ಬದುಕಿಬಿಟ್ಟವರಿದ್ದಾರೆ;
ಮರೆತ ಮೈ ಮಾತ್ರ ಏನನ್ನೂ ಮರೆತಿರುವುದಿಲ್ಲ.

ಮುಂದಿನ ವಾರ ಮತ್ತೆ ಕಂಬಿ ಹಿಡಿದಳು.
ನಾನೂ ಹಿಡಿದೆ. ಬೆಳ್ಳುಳ್ಳಿಯ ಜಗಳ ಮುಂದುವರಿಯಿತು.

ಅದಾದ ಯಾವುದೋ ಒಂದು ಗುರುವಾರ,
ಏನೂ ಹೇಳದೆ, ಹಿಂದಕ್ಕೆ ಒರಗಿದಳು.
ಮನುಷ್ಯರ ತಲೆ ಎಷ್ಟು ಭಾರ ಬಲ್ಲಿರಾ?
ಕೊಟ್ಟಾಗ ಮಾತ್ರ ತಿಳಿಯುತ್ತದೆ.
ಅಲ್ಲಿಯವರೆಗೆ ನಮ್ಮ ಅಂಗೈ ಮೇಲಿಟ್ಟೂ
ಅವರೇ ಹೊತ್ತಿರುತ್ತಾರೆ.
ಕಿವಿ ಮುಳುಗಿತು. ಗಲ್ಲ ಸಡಿಲಿತು.
ಹಿಡಿಯಲು ಏನೂ ಇಲ್ಲದ ಕೈ
ಸ್ವಲ್ಪ ಹೊತ್ತು ಅತ್ತಿತ್ತ ತಡಕಾಡಿ,
ಅಂಗೈ ಮೇಲಾಗಿ, ತೆರೆದುಕೊಂಡಿತು.

ಗಂಟೆ ಬಾರಿಸಿತು.
ಮೆಟ್ಟಿಲೇರಿ ಬಂದು ನೆಲದ ಮೇಲೆ ಕಾಲಿಟ್ಟವಳು
ವೈಮೇ! ಎಂದು ಚೀರಿ
ಒಂಟಿಕಾಲಲ್ಲಿ ಕೊಕ್ಕರೆಯ ಹಾಗೆ ನಿಂತಳು.
"ಈ ಹಾಳು ನೆಲ ಇಷ್ಟು ತಣ್ಣಗೆ ಯಾಕಿದೆ?
ನನ್ನ ಚಪ್ಪಲಿ ಯಾರು ಎತ್ತಿಟ್ಟರು?"

ಬೈಯುತ್ತಲೇ ಇದ್ದಳು.
ಚಪ್ಪಲಿ ಬೆಂಚಿನ ಕೆಳಗೇ ಇದ್ದವು.
ನಾನು ಹುಡುಕುತ್ತ ಹುಡುಕುತ್ತ
ತುಸು ತಡ ಮಾಡಿದೆ.